ಸ್ವಂತ ದುಡಿಮೆಯವರಿಗೆ ಎಂಥ ಆರೋಗ್ಯ ವಿಮೆ?

ಸ್ವಂತ ದುಡಿಮೆಯನ್ನೇ ನಂಬಿದ ಮನೆಗೆ ಕಾಯಿಲೆ ಬಂದರೆ ಎರಡು ಕಡೆ ಪೆಟ್ಟು. ಆಸ್ಪತ್ರೆಯ ಬಿಲ್ಲು ಒಂದಾದರೆ, ನಿಂತುಹೋದ ಸಂಪಾದನೆ ಇನ್ನೊಂದು. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು, ಮಾಂಬಳ್ಳಿಯಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು, ಹನೂರು ಕಡೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು, ಯಳಂದೂರಿನ ಆಟೊ ಚಾಲಕರು, ಮಹದೇಶ್ವರ ಬೆಟ್ಟದ ಅಂಗಡಿಯವರು ಇಂಥವರೇ. ಇವರಿಗೆ ಇಎಸ್‌ಐ ಇಲ್ಲ, ಸಂಬಳದ ರಜೆಯಿಲ್ಲ, ಮಾಲೀಕರು ಕಟ್ಟುವ ಗುಂಪು ವಿಮೆಯೂ ಇಲ್ಲ. ವಿಮೆ ಆರಿಸುವಾಗ ಎರಡೂ ಪೆಟ್ಟುಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಮಾರುಕಟ್ಟೆಯ ಬಹುಪಾಲು ಪಾಲಿಸಿಗಳು ನೋಡುವುದು ಮೊದಲನೆಯದನ್ನು ಮಾತ್ರ.

ಎರಡನೆಯದನ್ನೂ ನೋಡಿದ ವಿಮೆಯೊಂದು ಯಳಂದೂರು ತಾಲ್ಲೂಕಿನಲ್ಲೇ ನಡೆದಿತ್ತು. ಡಾ. ಎಚ್. ಸುದರ್ಶನ್ ಅವರ ಮುಂದಾಳತ್ವದಲ್ಲಿ 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್, ಇಲ್ಲಿ ಕುಷ್ಠರೋಗ ನಿಯಂತ್ರಣದಿಂದ ಕೆಲಸ ಶುರು ಮಾಡಿ, 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡಿತು. 2000ರ ದಶಕದ ಆರಂಭದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜೊತೆ ಸೇರಿ ಯಳಂದೂರು, ತಿ. ನರಸೀಪುರ ತಾಲ್ಲೂಕುಗಳ ಬಡವರಿಗೆ ಸಮುದಾಯ ಆರೋಗ್ಯ ವಿಮೆ ತಂದಿತು. ತಲೆಗೆ ವರ್ಷಕ್ಕೆ ಸುಮಾರು 20 ರೂಪಾಯಿ ಕಂತು. ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದರೆ ದಿನಕ್ಕೆ ಔಷಧಕ್ಕೆಂದು 50 ರೂಪಾಯಿ, ತಪ್ಪಿದ ಕೂಲಿಗೆಂದು 50 ರೂಪಾಯಿ. ಮೊತ್ತ ಸಣ್ಣದಿರಬಹುದು. ಆದರೆ ಕೂಲಿ ಹೋಗುತ್ತದೆಂಬ ಭಯಕ್ಕೆ ಆಸ್ಪತ್ರೆಯ ಕಡೆ ಮುಖ ಹಾಕದವರ ಕಷ್ಟ ಆ ವಿಮೆಗೆ ಅರ್ಥವಾಗಿತ್ತು. ಈಗಿನ ದೊಡ್ಡ ಮೊತ್ತದ ಯೋಜನೆಗಳಲ್ಲಿ ಈ ತಿಳಿವಳಿಕೆ ಕಾಣುವುದು ಅಪರೂಪ.

ದುಡ್ಡು ಕೊಟ್ಟು ಪಾಲಿಸಿ ಮಾಡಿಸುವ ಮೊದಲು ಕೈಯಲ್ಲಿರುವ ರೇಷನ್ ಕಾರ್ಡನ್ನು ನೋಡಬೇಕು. 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಜಾರಿಗೆ ಬಂದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಪ್ಯಾಕೇಜಾದರೆ 70 ಸಾವಿರ ಮನೆಯವರ ಮೇಲೆ. ಆದಾಯ ತೆರಿಗೆ ಕಟ್ಟುವ ಕುಟುಂಬ ಬಿಪಿಎಲ್‌ಗೆ ಅರ್ಹವಲ್ಲ. ಹಾಗಾಗಿ ಒಂದು ಮಗ್ಗ ಎರಡಾಗಿ, ವ್ಯಾಪಾರ ತುಸು ಕುದುರಿ ಕಾರ್ಡು ಹೋದ ಮನೆಯೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಖಾಸಗಿ ಪಾಲಿಸಿಯ ಅಗತ್ಯ ಮೊದಲಿಗೆ ಇಂಥವರಿಗೆ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪತ್ರವಿಲ್ಲದೆ ನೇರವಾಗಿ ಮೈಸೂರಿಗೆ ಹೋಗಿ ದಾಖಲಾದರೆ ಕಾರ್ಡಿದ್ದೂ ಕೈಯಿಂದ ಕಟ್ಟಬೇಕಾಗುತ್ತದೆ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರ ಕೊನೆಯಲ್ಲಿ ಮರಳಿ ಬಂದ ಯೋಜನೆ ಇದು. ಮರುಜಾರಿಯ ವೇಳೆ ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದ ಸಂಘಗಳ ಸದಸ್ಯರಿಗೆ 1,000 ರೂಪಾಯಿ ವಂತಿಗೆ ಗೊತ್ತುಮಾಡಲಾಯಿತು. ಚಿಕಿತ್ಸೆಯ ಮಿತಿ 5 ಲಕ್ಷ. ಹಾಲು ಉತ್ಪಾದಕರ ಸಂಘದಲ್ಲಿ ಷೇರು ಇರುವ ಹನೂರಿನ ಮನೆಗೆ ಇಷ್ಟು ಅಗ್ಗದ ರಕ್ಷಣೆ ಬೇರೆ ಸಿಗದು. ಆದರೆ ನೋಂದಣಿ ವರ್ಷದಲ್ಲಿ ಗೊತ್ತಾದ ಕೆಲವು ವಾರ ಮಾತ್ರ ತೆರೆದಿರುತ್ತದೆ. ಯೋಜನೆಯ ಒತ್ತು ಶಸ್ತ್ರಚಿಕಿತ್ಸೆಯ ಮೇಲಿರುವುದರಿಂದ ಜ್ವರ, ಕೆಮ್ಮು-ದಮ್ಮಿನಂಥ ಕಾಯಿಲೆಗೆ ಇದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಖಾಸಗಿ ಪಾಲಿಸಿಯಲ್ಲಿ ಕಂತಿಗಿಂತ ಮೊದಲು ನೋಡಬೇಕಾದದ್ದು ಆಸ್ಪತ್ರೆಗಳ ಪಟ್ಟಿ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ, ಕಾಮಗೆರೆಯ ಹೋಲಿ ಕ್ರಾಸ್, ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಗೂ ಮೀರಿದ್ದಾದರೆ ಮೈಸೂರು. ಮನೆಯವರು ನಿಜವಾಗಿ ಹೋಗುವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇಲ್ಲದಿದ್ದರೆ ಮೊದಲು ಸಾಲ ಮಾಡಿ ಬಿಲ್ಲು ಕಟ್ಟಿ, ಆಮೇಲೆ ಕ್ಲೇಮ್ ಹಾಕಿ ಕಾಯಬೇಕು. ಸಣ್ಣ ಊರಿನ ದರದಲ್ಲಿ ಮಾಡಿಸಿದ ಕೆಲವು ಪಾಲಿಸಿಗಳಲ್ಲಿ ಬೆಂಗಳೂರಿನಂಥ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ರೋಗಿಯೇ ಹೊರಬೇಕೆಂಬ ಷರತ್ತೂ ಇರುತ್ತದೆ.

ಕೊಠಡಿ ಬಾಡಿಗೆಯ ಮಿತಿ ಹಲವರಿಗೆ ತಿಳಿಯುವುದು ಡಿಸ್‌ಚಾರ್ಜ್ ದಿನ. 3 ಲಕ್ಷದ ಪಾಲಿಸಿಯಲ್ಲಿ ಬಾಡಿಗೆ ಮಿತಿ ಶೇ 1 ಎಂದಿದ್ದರೆ ದಿನಕ್ಕೆ 3,000 ರೂಪಾಯಿ. ರೋಗಿ 6,000ದ ಕೊಠಡಿಯಲ್ಲಿ ಐದು ದಿನ ಇದ್ದು, ಬಿಲ್ಲು 1.2 ಲಕ್ಷ ಆಯಿತೆನ್ನಿ: ಬಾಡಿಗೆ 30 ಸಾವಿರ, ಡಾಕ್ಟರ್ ಮತ್ತು ಆಪರೇಷನ್ ಥಿಯೇಟರ್ ಶುಲ್ಕ 70 ಸಾವಿರ, ಔಷಧ 20 ಸಾವಿರ. ಬಾಡಿಗೆಯಲ್ಲಿ ಅರ್ಧ ಕಡಿತವಾಗುವುದು ಸರಿ, ಅದೇ ಅನುಪಾತದಲ್ಲಿ ಡಾಕ್ಟರ್, ಥಿಯೇಟರ್ ಶುಲ್ಕವೂ ಅರ್ಧವಾಗುತ್ತದೆ. ಔಷಧಕ್ಕೆ ಕಡಿತವಿಲ್ಲ. ಕಂಪನಿ ಕೊಡುವುದು 70 ಸಾವಿರ, ಮನೆಯವರು ಹೊಂದಿಸಬೇಕಾದದ್ದು 50 ಸಾವಿರ. ಬಾಡಿಗೆ ಮಿತಿಯಿಲ್ಲದ ಪಾಲಿಸಿಗೆ ಕಂತು ತುಸು ಹೆಚ್ಚಾದರೂ ಅದೇ ಮೇಲು. ಅಷ್ಟು ಆಗದಿದ್ದರೆ ಮಿತಿಯೊಳಗಿನ ವಾರ್ಡನ್ನೇ ಕೇಳಿ ಪಡೆಯಬೇಕು.

‘ಶುಗರ್ ಇದೆ ಅಂತ ಬರೆಯೋದು ಬೇಡ ಬಿಡಿ ಅಣ್ಣ, ಕಂತು ಜಾಸ್ತಿಯಾಗುತ್ತೆ’ ಎನ್ನುವ ಏಜೆಂಟರ ಮಾತಿಗೆ ಒಪ್ಪಲೇಬಾರದು. ಮುಚ್ಚಿಟ್ಟ ಕಾಯಿಲೆ ಕ್ಲೇಮ್ ತಿರಸ್ಕರಿಸಲು ಸಿದ್ಧ ಕಾರಣವಾಗುತ್ತದೆ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. ಐದು ವರ್ಷ ಬಿಡದೆ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟರೆಂದು ಕ್ಲೇಮ್ ತಳ್ಳುವಂತಿಲ್ಲ. ಅರ್ಜಿಯನ್ನು ಮನೆಯಲ್ಲಿ ಓದಿಸಿಕೊಂಡೇ ಸಹಿ ಹಾಕಬೇಕು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕೂ ಇದೆ. ಕಂಪನಿಗೆ ಕೊಟ್ಟ ದೂರಿಗೆ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ. ಕಾಯಿಲೆಯ ಭಯಕ್ಕೆ ಕಟ್ಟುವ ದುಡ್ಡಿನ ಮೇಲೆ ಅಷ್ಟು ವರ್ಷ ತೆರಿಗೆ ಹಾಕಿದ್ದೇ ಅನ್ಯಾಯ. ಕಂತಿನ ದಿನವನ್ನು ಕೈಯಲ್ಲಿ ಕಾಸು ಓಡಾಡುವ ಕಾಲಕ್ಕೆ ಹೊಂದಿಸಿಕೊಳ್ಳುವುದು ಜಾಣತನ: ನೇಕಾರರಿಗೆ ಮದುವೆಯ ಕಾಲ, ಬೆಟ್ಟದ ಅಂಗಡಿಯವರಿಗೆ ಜಾತ್ರೆಯ ಮರುವಾರ. ವಾರ್ಷಿಕ ಕಂತು ತಪ್ಪಿದರೆ 30 ದಿನದ ರಿಯಾಯಿತಿ ಅವಧಿಯುಂಟು. ಅದೂ ದಾಟಿದರೆ ಅಷ್ಟು ವರ್ಷ ಕಾದದ್ದೆಲ್ಲ ನೀರುಪಾಲು.

ಉಳಿದದ್ದು ನಿಂತ ಸಂಪಾದನೆ. ಇದಕ್ಕೆ ಎರಡು ದಾರಿಗಳಿವೆ. ದಾಖಲಾದ ದಿನಕ್ಕೆ ಇಂತಿಷ್ಟು ಎಂದು ಬಿಲ್ಲಿನ ಹಂಗಿಲ್ಲದೆ ಕೊಡುವ ದಿನಭತ್ಯೆಯ ಪಾಲಿಸಿ ಒಂದು. ಕೈಕಾಲು ಮುರಿದು ಮನೆಯಲ್ಲಿ ಕೂತರೆ ವಾರದ ಲೆಕ್ಕದಲ್ಲಿ ಹಣ ಕೊಡುವ ಅಪಘಾತ ವಿಮೆ ಇನ್ನೊಂದು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಈ ವಾರದ ಹಣವಿಲ್ಲ. ಅದು ಅಪಘಾತದ ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಆಟೊ ಓಡಿಸುವವರಿಗೆ ಅಪಘಾತ ವಿಮೆ ಮುಖ್ಯ; ಸದಾ ಆವಿ, ಹೊಗೆಯ ನಡುವೆ ಇರುವ ರೀಲರ್‌ಗಳಿಗೆ ದಿನಭತ್ಯೆ.