ಕೊಂಡಿ ಕೂಡಿಸುವ ಬೆರಳು

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡ್. ಹತ್ತು ಗಂಟೆಗೆಲ್ಲ ಕುರ್ಚಿಗಳು ಭರ್ತಿ. ಕಿಟಕಿ ಪಕ್ಕ ಇಳಕಲ್ಲಿನ ನೇಕಾರ, ಮೂವತ್ತರ ಆಸುಪಾಸು. ಫೈಲಿನ ಮೇಲೆ ‘ಎಎಲ್‌ಸಿಎಲ್’ ಎಂದು ಬರೆದಿದೆ. ಟಿ-ಕೋಶದ ಲಿಂಫೋಮಾಗಳಲ್ಲಿ ಒಂದು ಬಗೆ. ಆರು ಸುತ್ತು ‘ಚಾಪ್’ ಕೀಮೋ ಮುಗಿದು, ತಲೆಯಲ್ಲಿ ಕೂದಲು ಬಂದು, ಮಗ್ಗಕ್ಕೂ ಕೂತಿದ್ದ. ಅಷ್ಟರಲ್ಲಿ ಕತ್ತಿನ ಗಂಟು ಮತ್ತೆ ಕೈಗೆ ಸಿಕ್ಕಿತು.

ಔಷಧಿ ಬದಲಿಸುವ ಮುಂಚೆ ವೈದ್ಯರು ಇನ್ನೊಮ್ಮೆ ಬಯಾಪ್ಸಿ ಮಾಡಿಸಿದರು. ‘ಮತ್ಯಾಕ ಕೊಯ್ತೀರಿ’ ಎಂದು ಅವ್ವ ಅತ್ತಿದ್ದಳಂತೆ. ಆದರೆ ದಾರಿ ತೋರಿಸಿದ್ದು ಆ ಚೂರೇ: ಕೋಶಗಳ ಮೇಲೆ ಸಿಡಿ30 ಎಂಬ ಗುರುತು ಹಾಗೇ ಇತ್ತು. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬ್ರೆಂಟುಕ್ಸಿಮ್ಯಾಬ್ ಎಂಬ ಔಷಧಿ ಈ ಗುರುತು ಹಿಡಿದೇ ಕೋಶದೊಳಗೆ ಹೋಗಿ, ತಾನು ಹೊತ್ತು ತಂದ ವಿಷವನ್ನು ಬಿಚ್ಚುತ್ತದೆ. ಮರುಕಳಿಸಿದ ಇಲ್ಲವೇ ಔಷಧಿಗೆ ಬಗ್ಗದ ಇದೇ ಕಾಯಿಲೆಯ 58 ಜನರಿಗೆ ಕೊಟ್ಟು ನೋಡಿದಾಗ ಶೇ 86 ಮಂದಿಗೆ ನಾಟಿತು, ಶೇ 57 ಮಂದಿಯಲ್ಲಿ ಕುರುಹೇ ಉಳಿಯಲಿಲ್ಲ. ಟಿ-ಲಿಂಫೋಮಾದ ಉಳಿದ ಬಗೆಗಳ ಹಲವರಿಗೆ ಈ ಭಾಗ್ಯವಿಲ್ಲ. ಅವರಿಗೆ ಕೊಡುವ ಪ್ರಾಲಾಟ್ರೆಕ್ಸೇಟ್, ರೋಮಿಡೆಪ್ಸಿನ್ ಔಷಧಿಗಳು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗಷ್ಟೇ ನಾಟಿವೆ. ಅದನ್ನು ನೆನೆದರೆ ಹೊಟ್ಟೆ ಸಂಕಟವಾಗುತ್ತದೆ.

ವೈದ್ಯರು ಬಂದು ಅವನ ಕೈ ಹಿಡಿದು ನೋಡಿದರು. ‘ಅಂಗಿ ಗುಂಡಿ ಹಾಕೋಕೆ ಬರುತ್ತೇನಪ್ಪಾ?’

‘ಗುಂಡಿ ಹಾಕ್ತೀನ್ರಿ ಸರ. ಕೊಂಡಿ ಕೂಡ್ಸಾಕ ಬರವಲ್ದು.’

ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಸೇರಿಸುವುದೇ ಕೊಂಡಿ. ಬೆರಳ ತುದಿಗೆ ಎಳೆ ತಾಕಿದ್ದು ಗೊತ್ತಾಗದಿದ್ದರೆ ಆ ಕೆಲಸ ಸಾಗದು. ಬೆರಳಿನ ಜೋಮು, ಅವನಿಗೆ ಈಗ ಕೊಡುತ್ತಿರುವ ಬ್ರೆಂಟುಕ್ಸಿಮ್ಯಾಬ್‌ನದೇ ಕಾಟ. ವೈದ್ಯರು ಚೀಟಿಯಲ್ಲಿ ‘ಇಂದು ಬೇಡ’ ಎಂದು ಬರೆದರು. ಜೋಮು ಇಳಿದ ಮೇಲೆ ಕೊಡುವುದಾದರೂ ಮೈತೂಕದ ಕಿಲೋಗೆ 1.8 ಮಿಲಿಗ್ರಾಂ ಅಲ್ಲ, 1.2.

‘ರೊಕ್ಕಾ ಹೊಂದಿಸ್ಕೊಂಡು ಬಂದೀವ್ರಿ, ಹಂಗ ಕಳಸಬ್ಯಾಡ್ರಿ’ ಎಂದಳು ಅವ್ವ.

ವೈದ್ಯರು ಸ್ಟೂಲು ಎಳೆದುಕೊಂಡು ಕೂತರು. ಪೆಟ್ ಸ್ಕ್ಯಾನಿನಲ್ಲಿ ಗಂಟು ಕಾಣುತ್ತಿಲ್ಲ, ಆದರೆ ಕಾಯಿಲೆ ಹೀಗೇ ಸುಮ್ಮನಿರುತ್ತದೆಂಬ ಭರವಸೆ ಇಲ್ಲ. ಕಾಂಡಕೋಶ ಕಸಿ ಮಾಡಲು ಇದೇ ಹದವಾದ ಹೊತ್ತು ಎಂದು ತಿಳಿಸಿ ಹೇಳಿದರು. ಕಸಿಗೆ ತಾಳೆ ನೋಡುವ ಎಚ್‌ಎಲ್‌ಎ ಗುರುತು ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನದು ಹೊಂದಿದೆ.

ಅಕ್ಕ ಬಾಗಿಲ ಬಳಿ ನಿಂತಿದ್ದಳು. ನಾಲ್ಕೈದು ದಿನ ಸೂಜಿ, ಆಮೇಲೆ ಕೆಲವು ತಾಸು ಯಂತ್ರದ ಪಕ್ಕ ಮಲಗಿದರೆ ತೋಳಿನ ರಕ್ತದಿಂದಲೇ ಕಾಂಡಕೋಶ ಬೇರ್ಪಡಿಸಿಕೊಳ್ಳುತ್ತಾರೆ ಎಂದು ಸಿಸ್ಟರ್ ತಿಳಿಸಿದರು.

‘ಸೂಜಿ ಎಂದಿನಿಂದ್ರಿ?’ ಎಂದಳು. ‘ಮನ್ಯಾಗ ಹೇಳಿ ಬರಬೇಕು.’