ಕೊಟ್ಟಿಗೆಯ ದುರ್ಗಂಧ: ನಂಬಿಕೆಯೂ ನಿಜವೂ

ದನಗಳಿದ್ದ ಮೇಲೆ ನಾತ ತಪ್ಪದೆಂಬ ಮಾತು, ಊರಂಚಿನ ಬಡಾವಣೆಗಳಲ್ಲಿ ಹೈನುಗಾರನನ್ನು ನಿಂದಿಸುವವರ ಬಾಯಲ್ಲಿಯೂ ಅವನ ಪರ ವಹಿಸುವವರ ಬಾಯಲ್ಲಿಯೂ ಒಂದೇ ತೆರನಾಗಿ ಕೇಳಿಬರುತ್ತದೆ. ಉಭಯಪಕ್ಷಗಳೂ ಪರೀಕ್ಷಿಸದೆ ಒಪ್ಪಿಕೊಂಡ ತಪ್ಪು ಇದು. ಗಂಜಲದಲ್ಲಿರುವ ಯೂರಿಯಾ ಸ್ವತಃ ನಿರ್ಗಂಧ ವಸ್ತು. ಸಗಣಿಯಲ್ಲಿನ ಯೂರಿಯೇಸ್ ಎಂಬ ಕಿಣ್ವದೊಡನೆ ಅದು ಬೆರೆತಾಗಲೇ ವಿಘಟನೆ ಮೊದಲಾಗಿ, ಕೆಲವೇ ಗಂಟೆಗಳಲ್ಲಿ ಮೂಗಿಗೆ ಅಡರುವ ಅಮೋನಿಯಾ ಹೊರಡುತ್ತದೆ. ಆದುದರಿಂದ ನೆಲಕ್ಕೆ ತುಸು ಇಳಿಜಾರು ಕೊಟ್ಟು, ಗಂಜಲವು ಕಾಲುವೆಯಲ್ಲಿ ಹರಿದು ಮುಚ್ಚಿದ ಗುಂಡಿಯನ್ನು ಸೇರುವಂತೆ ಮಾಡಿ, ಸಗಣಿಯನ್ನು ಬೇರೆಯಾಗಿ ಎತ್ತುವ ಕೊಟ್ಟಿಗೆಯಲ್ಲಿ ಈ ಉಪದ್ರವವು ಬಹಳಷ್ಟು ತಗ್ಗುತ್ತದೆ.

ಧಾರಾಳವಾಗಿ ನೀರು ಸುರಿದರೆ ಸಾಕೆಂಬುದು ಇನ್ನೊಂದು ನಂಬಿಕೆ. ಸಗಣಿಯನ್ನು ಮೊದಲು ಬಾಚಿ ತೆಗೆಯದೆ ಸುರಿದ ನೀರು ಅದನ್ನು ರಾಡಿಯಾಗಿಸಿ ಗಾಳಿಯಾಡದ ಹೊಂಡಕ್ಕೆ ಒಯ್ಯುತ್ತದೆ. ಅಲ್ಲಿ ಆಮ್ಲಜನಕವಿಲ್ಲದೆ ಬದುಕಬಲ್ಲ ಜೀವಾಣುಗಳು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನೂ ಹುಳಿನಾತದ ಆಮ್ಲಗಳನ್ನೂ ಉತ್ಪಾದಿಸುತ್ತವೆ. ಫಿನಾಯಿಲ್ ಇದರ ಮೇಲೆ ಮತ್ತೊಂದು ವಾಸನೆಯನ್ನು ಹೊದಿಸೀತೇ ಹೊರತು ಮೂಲವನ್ನು ಮುಟ್ಟದು.

ಸುಡುಬಿಸಿಲಿನಲ್ಲಿಯೇ ದುರ್ಗಂಧ ದೂರ ಹಬ್ಬುವುದೆಂಬ ಭ್ರಮೆಯು ನೆರೆಹೊರೆಯ ಮನಸ್ತಾಪವನ್ನು ಮತ್ತಷ್ಟು ಬೆಳೆಸುತ್ತದೆ. ಉಷ್ಣದಿಂದ ಅದು ಹೆಚ್ಚಾಗಿ ಹೊರಡುವುದು ನಿಜ. ಆದರೆ ಕಾದ ನೆಲದಿಂದ ಮೇಲೇರುವ ಗಾಳಿ ಅದನ್ನು ಎತ್ತಿ ಚದುರಿಸಿಬಿಡುತ್ತದೆ. ಸೂರ್ಯ ಮುಳುಗಿ, ನೆಲ ತಣಿದು, ಅದಕ್ಕೆ ತಗುಲಿದ ಗಾಳಿಯು ಮೇಲಣ ಗಾಳಿಗಿಂತ ಶೀತಲವೂ ಭಾರವೂ ಆಗಿ ನಿಶ್ಚಲವಾದಾಗ, ವಾಸನೆ ಮೇಲೇರಲಾರದೆ ತಗ್ಗು ನೆಲವನ್ನು ಹಿಡಿದು ಮನೆಗಳತ್ತ ಸಾಗುತ್ತದೆ. ಸಂಜೆ ಕಿಟಕಿ ಮುಚ್ಚಿಕೊಳ್ಳಬೇಕಾದ ಗೃಹಿಣಿಯ ದೂರೂ, ಹಗಲಿನಲ್ಲಿ ತನಿಖೆಗೆ ಬಂದ ಅಧಿಕಾರಿಗೆ ಏನೂ ಕಾಣದಿರುವುದೂ, ದಿನವಿಡೀ ಅಲ್ಲಿಯೇ ದುಡಿದು ಮೂಗು ಒಗ್ಗಿಹೋದ ಹೈನುಗಾರನ ನಿರಾಕರಣೆಯೂ ಏಕಕಾಲದಲ್ಲಿ ಸತ್ಯವಾಗಿರಬಲ್ಲವು; ಇವರಲ್ಲಿ ಯಾರನ್ನೂ ಸುಳ್ಳುಗಾರರೆನ್ನುವುದು ಅನ್ಯಾಯ.

ಗೋಬರ್ ಗ್ಯಾಸ್ ಸ್ಥಾವರವು ನಾತವನ್ನು ಹೆಚ್ಚಿಸುವುದೆಂದು ನೆರೆಯವರು ಅದನ್ನು ವಿರೋಧಿಸುವುದಂತೂ ವಿಷಾದಕರ. ಮುಚ್ಚಿದ ತೊಟ್ಟಿಯಲ್ಲಿ ಆ ಹುಳಿನಾತದ ಆಮ್ಲಗಳೇ ನಿರ್ಗಂಧವಾದ ಮೀಥೇನನ್ನು ಉತ್ಪಾದಿಸುವ ಜೀವಾಣುಗಳಿಗೆ ಆಹಾರವಾಗುತ್ತವೆ. ಹೊರಬರುವ ಬಗ್ಗಡವು ಕೊಳೆತ ರಾಡಿಗಿಂತ ಎಷ್ಟೋ ಕಡಿಮೆ ನಾರುತ್ತದೆ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ 1987ರ ಸುಮಾರಿಗೆ, ಈ ಅನಿಲವನ್ನು ಡೀಸೆಲ್ಲಿನೊಡನೆ ಉರಿಸಿ ಮನೆಗಳಿಗೆ ನೀರನ್ನೂ ಬೆಳಕನ್ನೂ ಒದಗಿಸಿದರು. ಸಗಣಿ ಕೊಟ್ಟವರಿಗೆ ಬಗ್ಗಡವು ಗೊಬ್ಬರವಾಗಿ ಮರಳಿತು. ಸ್ಥಾವರದ ವೆಚ್ಚವನ್ನು ಭರಿಸಲಾರದವನು ಸಗಣಿಗೆ ಒಣಹುಲ್ಲನ್ನೂ ತರಗೆಲೆಯನ್ನೂ ಬೆರೆಸಿ ಗಾಳಿಯಾಡುವ ತಿಪ್ಪೆಯನ್ನು ಹಾಕಬಹುದು. ಅದನ್ನು ಮಗುಚುವ ಕೆಲಸವನ್ನು ಮಾತ್ರ ಸಂಜೆಗೆ ಉಳಿಸದೆ, ಗಾಳಿ ಬೀಸತೊಡಗುವ ಹೊತ್ತೇರಿದ ಮೇಲೆ ಮಾಡತಕ್ಕದ್ದು.