ಎರೆಭೂಮಿಯಲ್ಲಿ ಡಬಲ್ ಸುಗಂಧರಾಜ

ಟ್ಯೂಲಿಪ್ ಗಡ್ಡೆಗೆ ಹೂ ಬಿಡಲು ಹಲವು ವಾರಗಳ ಕಡುಚಳಿ ಬೇಕು. ಅದು ಗದಗ ಸೀಮೆಯಲ್ಲಿ ಸಿಗದು. ಇಲ್ಲಿ ಗಡ್ಡೆಯಿಂದ ಬೆಳೆಯಬಹುದಾದ ಸುತ್ತುದಳದ ಹೂವೆಂದರೆ ಡಬಲ್ ಸುಗಂಧರಾಜ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಸುವಾಸಿನಿ' ಈ ಬಗೆಯ ತಳಿ.

ಹಿರೇಹಂದಿಗೋಳದ ಸುತ್ತಿನಂಥ ಎರೆಭೂಮಿಯಲ್ಲಿ ಈ ಬೆಳೆಗೆ ನಿಂತ ನೀರೇ ಮುಖ್ಯ ಶತ್ರು. ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಕೊಳೆತ ಗಡ್ಡೆಗೆ ಯಾವ ಔಷಧಿಯೂ ನಾಟದು. ಆದ್ದರಿಂದ ಸಪಾಟು ಮಡಿಯ ಬದಲು ಬೋದು ಏರಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ನಾಟಿ ಮಾಡಬೇಕು. ಅಗೆದು ತೆಗೆದ ಗಡ್ಡೆಗಳನ್ನು ಸುಮಾರು ಒಂದು ತಿಂಗಳು ನೆರಳಿನಲ್ಲಿ ಹರವಿ ಇಡುವುದು ಅವಶ್ಯ. ಅವುಗಳಲ್ಲಿ 2ರಿಂದ 3 ಸೆಂ.ಮೀ. ದಪ್ಪದವನ್ನೇ ಆರಿಸಿ, 30 ಸೆಂ.ಮೀ. ಅಂತರದಲ್ಲಿ, 5 ಸೆಂ.ಮೀ. ಆಳಕ್ಕೆ ಊರಬೇಕು. ಮರಿಗಡ್ಡೆ ಅಗ್ಗವೆಂದು ತಂದವರಿಗೆ ಮೊದಲ ವರ್ಷ ಬಹುಮಟ್ಟಿಗೆ ಎಲೆಯೇ ಗತಿ! ಕುಂಡದಲ್ಲಾದರೆ ತಳದ ತೂತಿನ ಮೇಲೆ ಹೆಂಚಿನ ಚೂರಿಟ್ಟು, ಮಣ್ಣಿಗೆ ಮರಳು ಸೇರಿಸಿ, 2-3 ಗಡ್ಡೆ ಊರಿದರೆ ಸಾಕು.

ಸುಮಾರು ಮೂರು ತಿಂಗಳಿಗೆ ಹೂದಂಟು ಕಾಣುತ್ತದೆ. ಡಬಲ್ ಹೂವಿಗೆ ಬೇಡಿಕೆ ಹೆಚ್ಚಾಗಿ ದಂಟಿನ ರೂಪದಲ್ಲಿ, ಹೂದಾನಿಗಾಗಿ. ಮಾಲೆಗೆ ಬಿಡಿಹೂ ಮಾರುವವರು ಒಂಟಿದಳದ್ದನ್ನೇ ಬೆಳೆಯುವುದು ಲೇಸು. ಅದರ ಕಂಪೂ ಹೆಚ್ಚು. ಹೀಗಾಗಿ ಗಡ್ಡೆ ಕೊಳ್ಳುವ ಮೊದಲೇ ಪೇಟೆ ವಿಚಾರಿಸಬೇಕು. ಬುಡದ ಒಂದೆರಡು ಹೂ ಅರಳಿದಾಗ ಬೆಳಗಿನ ತಂಪಿನಲ್ಲಿ ದಂಟು ಕೊಯ್ದು ಕೂಡಲೇ ನೀರಿನಲ್ಲಿ ನಿಲ್ಲಿಸಬೇಕು.